ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ

ಮಕ್ಕಳೇ, ಕಾಲಿನ ಗಾಯ ಕೀವಾದಾಗ ತೊಡೆಯ ಸಂದಿನಲ್ಲಿ ಒಂದು ಗಂಟು ಊದಿಕೊಂಡು ನೋಯುವುದನ್ನು ನೀವು ಕಂಡಿರಬಹುದು. ಅಂಥ ಗಂಟುಗಳಿಗೆ ದುಗ್ಧಗ್ರಂಥಿಗಳೆಂದು ಹೆಸರು. ಕುತ್ತಿಗೆಯಲ್ಲೂ ಕಂಕುಳಲ್ಲೂ ಅವು ಇವೆ. ಅವು ನಮ್ಮ ಮೈಯ ಕಾವಲುಗಾರರು. ರೋಗಾಣುಗಳನ್ನು ತಡೆದು ಹೋರಾಡುತ್ತವೆ. ಆದರೆ ಕ್ಯಾನ್ಸರ್ ಎಂಬ ರೋಗ ಕೆಲವು ಸಲ ಈ ಕಾವಲನ್ನೂ ದಾಟಿಬಿಡುತ್ತದೆ. ಆ ರೋಗವನ್ನು ಎದುರಿಸಲು ಆಸ್ಪತ್ರೆ ಕಟ್ಟಿದ ಮಹಿಳೆಯ ಕಥೆಯನ್ನು ಓದೋಣ ಬನ್ನಿ.

ಮುತ್ತುಲಕ್ಷ್ಮಿ 1886ರ ಜುಲೈ 30ರಂದು ಪುದುಕೋಟೆಯಲ್ಲಿ ಹುಟ್ಟಿದರು. ತಂದೆ ನಾರಾಯಣಸ್ವಾಮಿ, ತಾಯಿ ಚಂದ್ರಮ್ಮಾಳ್. ಆಗ ಹೆಣ್ಣುಮಕ್ಕಳು ಕಾಲೇಜಿಗೆ ಹೋಗುತ್ತಿದ್ದುದು ತೀರ ಅಪರೂಪ. ಪುದುಕೋಟೆಯ ಮಹಾರಾಜಾ ಕಾಲೇಜಿಗೆ ಸೇರಲು ಮುತ್ತುಲಕ್ಷ್ಮಿ ಅರ್ಜಿ ಹಾಕಿದಾಗ ಹಲವರು ವಿರೋಧಿಸಿದರು. ಮಹಾರಾಜರೇ ಒಪ್ಪಿಗೆ ಕೊಟ್ಟರು. ಆ ಕಾಲೇಜಿನ ಮೊದಲ ವಿದ್ಯಾರ್ಥಿನಿ ಅವರೇ. 1907ರಲ್ಲಿ ಮದರಾಸು ವೈದ್ಯಕೀಯ ಕಾಲೇಜು ಸೇರಿ 1912ರಲ್ಲಿ ವೈದ್ಯರಾದರು. 1914ರಲ್ಲಿ ಡಾಕ್ಟರ್ ಸುಂದರ ರೆಡ್ಡಿಯವರನ್ನು ಮದುವೆಯಾದರು.

ಅವರಿಗೊಬ್ಬ ಮುದ್ದಿನ ತಂಗಿಯಿದ್ದಳು. ತಂಗಿಗೆ ಕಾಯಿಲೆ ಬಂದಾಗ ಅದನ್ನು ಆಮಶಂಕೆ ಎಂದೇ ತಿಳಿದರು. ನಿಜವಾಗಿ ಅದು ಕರುಳಿನ ಕ್ಯಾನ್ಸರ್. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. 1923ರಲ್ಲಿ ತಂಗಿ ಅಕ್ಕನ ಕಣ್ಣೆದುರೇ ತೀರಿಕೊಂಡಳು. ವೈದ್ಯೆಯಾಗಿದ್ದೂ ಉಳಿಸಿಕೊಳ್ಳಲಾಗಲಿಲ್ಲವಲ್ಲ! ಆ ನೋವು ಅವರನ್ನು ಬಿಡಲೇ ಇಲ್ಲ.

1927ರಲ್ಲಿ ಅವರು ಮದರಾಸು ಶಾಸನಸಭೆಯ ಸದಸ್ಯರಾದರು. 1930ರಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳಿಗಾಗಿ ಅವ್ವೈ ಇಲ್ಲಂ ಎಂಬ ಮನೆ ತೆರೆದರು. ಇಷ್ಟೆಲ್ಲ ಕೆಲಸಗಳ ನಡುವೆಯೂ ಕ್ಯಾನ್ಸರ್ ಆಸ್ಪತ್ರೆಯ ಕನಸು ಉಳಿದೇ ಇತ್ತು. ಹೇಗೂ ಸಾಯುವ ರೋಗಿಗಳಿಗೆ ಆಸ್ಪತ್ರೆ ಏಕೆ ಎನ್ನುವವರೂ ಇದ್ದರು. ಮುತ್ತುಲಕ್ಷ್ಮಿಯವರು ಜಗ್ಗಲಿಲ್ಲ. ಜನರಿಂದ ಹಣ ಕೂಡಿಸಿದರು. 1952ರಲ್ಲಿ ಪ್ರಧಾನಿ ನೆಹರೂ ಅಡ್ಯಾರಿನಲ್ಲಿ ಅಡಿಗಲ್ಲು ಹಾಕಿದರು. 1954ರ ಜೂನ್ 18ರಂದು ಆಸ್ಪತ್ರೆ ಬಾಗಿಲು ತೆರೆಯಿತು. ಆಗ ಅಲ್ಲಿದ್ದುದು ಕೇವಲ 12 ಹಾಸಿಗೆ! ಅವರ ಮಗ ಡಾಕ್ಟರ್ ಕೃಷ್ಣಮೂರ್ತಿ ಅಲ್ಲಿ ದುಡಿದರು. ಮರುವರ್ಷ ಡಾಕ್ಟರ್ ಶಾಂತಾ ಬಂದು ಸೇರಿದರು. 2021ರಲ್ಲಿ ತೀರಿಕೊಳ್ಳುವವರೆಗೂ ಶಾಂತಾ ಆ ಆಸ್ಪತ್ರೆಯನ್ನು ಬಿಡಲಿಲ್ಲ.

ಮೊದಲು ಹೇಳಿದ ಗಂಟುಗಳನ್ನು ಮರೆತಿರಾ? ಹೆಂಗಸರ ಎದೆಯಲ್ಲಿ ಕ್ಯಾನ್ಸರ್ ಬಂದರೆ ಅದು ಹೆಚ್ಚಾಗಿ ಮೊದಲು ಕಂಕುಳಿನ ಗ್ರಂಥಿಗಳಿಗೆ ಹರಡುತ್ತದೆ. ಆದ್ದರಿಂದ ವೈದ್ಯರು ಕಂಕುಳನ್ನೂ ಮುಟ್ಟಿ ನೋಡುತ್ತಾರೆ. ಆದರೆ ಕೈಗೆ ಸಿಗದಷ್ಟು ಚಿಕ್ಕದಾಗಿಯೂ ರೋಗ ಅಲ್ಲಿ ಅಡಗಿರಬಹುದು. ಈಗ ಒಂದು ಜಾಣ ಉಪಾಯವಿದೆ. ಎದೆಯೊಳಗೆ ಬಣ್ಣದ ಮದ್ದನ್ನು ಚುಚ್ಚುತ್ತಾರೆ. ಅದು ಹರಿದು ಮೊದಲು ಸೇರುವ ಒಂದೆರಡು ಗ್ರಂಥಿಗಳನ್ನು ಮಾತ್ರ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಅಲ್ಲಿ ರೋಗವಿಲ್ಲದಿದ್ದರೆ ಉಳಿದ ಗ್ರಂಥಿಗಳಲ್ಲೂ ಬಹುಮಟ್ಟಿಗೆ ಇರುವುದಿಲ್ಲ. ಅವುಗಳನ್ನು ಹಾಗೆಯೇ ಉಳಿಸಬಹುದು. ಮುತ್ತುಲಕ್ಷ್ಮಿಯವರ ತಂಗಿಯ ಕಾಲದಲ್ಲಿ ಇಂಥ ಉಪಾಯಗಳು ಇರಲಿಲ್ಲ.

1956ರಲ್ಲಿ ಮುತ್ತುಲಕ್ಷ್ಮಿಯವರಿಗೆ ಪದ್ಮಭೂಷಣ ಪ್ರಶಸ್ತಿ ಬಂದಿತು. 1968ರ ಜುಲೈ 22ರಂದು, ಹುಟ್ಟುಹಬ್ಬಕ್ಕೆ ಎಂಟು ದಿನ ಇರುವಾಗ, ಅವರು ಕಣ್ಣುಮುಚ್ಚಿದರು. 12 ಹಾಸಿಗೆಗಳ ಆ ಆಸ್ಪತ್ರೆ ಬೆಳೆದು ದೊಡ್ಡದಾಗಿದೆ. ದೂರದೂರದ ಊರುಗಳಿಂದ ರೋಗಿಗಳು ಅಲ್ಲಿಗೆ ಬರುತ್ತಾರೆ.