ದೆವ್ವದ ಜೊತೆ ಮಾತಿಗಿಳಿದು ರೋಗಿಯನ್ನು ಗುಣಪಡಿಸಿದ ಪಿಯರ್ ಜಾನೆ: ಏನಿದು ಡಿಸೋಸಿಯೇಷನ್? ಚಿಕಿತ್ಸೆ ಹೇಗೆ?

1890ರ ಕೊನೆಯ ದಿನಗಳು. ಪ್ಯಾರಿಸ್‌ನ ಸಾಲ್ಪೆಟ್ರಿಯೇರ್ ಆಸ್ಪತ್ರೆಗೆ 33 ವರ್ಷದ ವ್ಯಾಪಾರಿಯೊಬ್ಬನನ್ನು ಕರೆತರಲಾಯಿತು. ಮೈಯೊಳಗೆ ದೆವ್ವ ಹೊಕ್ಕಿದೆ ಎಂದು ಆತ ಕೂಗಾಡುತ್ತಿದ್ದ. ದೇವರನ್ನು ಬೈಯುತ್ತಿದ್ದ, ಮರುಕ್ಷಣವೇ ಬೈದದ್ದು ತಾನಲ್ಲ ಎಂದು ಅಳುತ್ತಿದ್ದ. ಆಸ್ಪತ್ರೆಯ ಪ್ರಸಿದ್ಧ ವೈದ್ಯ ಶಾರ್ಕೋ ಈ ರೋಗಿಯನ್ನು ಪಿಯರ್ ಜಾನೆ ಎಂಬ ಯುವಕನಿಗೆ ಒಪ್ಪಿಸಿದರು.

ಜಾನೆ ಹುಟ್ಟಿದ್ದು 1859ರಲ್ಲಿ, ಪ್ಯಾರಿಸ್‌ನಲ್ಲಿ. ಚಿಕ್ಕಂದಿನಿಂದಲೂ ಗಿಡಗಳನ್ನು ಸಂಗ್ರಹಿಸುವ ಹವ್ಯಾಸ. ಹದಿಹರೆಯದಲ್ಲಿ ಸ್ವತಃ ಖಿನ್ನತೆ ಅನುಭವಿಸಿದ್ದರು. 1883ರಲ್ಲಿ ಲ ಹಾವ್ರ್ ಎಂಬ ಬಂದರು ನಗರದಲ್ಲಿ ತತ್ವಶಾಸ್ತ್ರದ ಮೇಷ್ಟ್ರಾದರು. ಪಾಠದ ನಡುವೆ ಬಿಡುವು ಮಾಡಿಕೊಂಡು ಅಲ್ಲಿನ ಆಸ್ಪತ್ರೆಯ ರೋಗಿಗಳನ್ನು ಗಮನಿಸುತ್ತಿದ್ದರು. ಆಗ ಕಂಡದ್ದನ್ನೆಲ್ಲ 1889ರ ತಮ್ಮ ಮಹಾಪ್ರಬಂಧದಲ್ಲಿ ವಿವರಿಸಿದರು.

ಅವರು ಹೇಳಿದ್ದು ಇಷ್ಟೇ: ತಡೆಯಲಾಗದ ಭಯ, ಆಘಾತ ಎದುರಾದಾಗ ಮನಸ್ಸು ಆ ನೆನಪನ್ನು ತನ್ನೊಳಗೆ ಸೇರಿಸಿಕೊಳ್ಳಲಾರದು. ಆ ತುಣುಕು ಕಳಚಿಕೊಂಡು ಬೇರೆಯಾಗಿಯೇ ಉಳಿಯುತ್ತದೆ. ಅದೇ ಮುಂದೆ ಮೂರ್ಛೆ, ಕೈಕಾಲು ಸ್ವಾಧೀನ ತಪ್ಪುವುದು, ಮರೆವು ಅಥವಾ ಬೇರೊಬ್ಬರ ದನಿಯಾಗಿ ಹೊರಬರುತ್ತದೆ. ಇದೇ ಡಿಸೋಸಿಯೇಷನ್. ಗಾಡಿ ಓಡಿಸಿಕೊಂಡು ಮನೆ ತಲುಪಿದ ಮೇಲೆ ಬಂದ ದಾರಿಯೇ ನೆನಪಾಗದಿರುವುದು ಇದರ ಅತಿ ಸಣ್ಣ ರೂಪ. ಅದು ಎಲ್ಲರಿಗೂ ಆಗುವಂಥದ್ದು, ಕಾಯಿಲೆಯಲ್ಲ.

ದೆವ್ವ ಹಿಡಿದ ಆ ರೋಗಿಗೆ ಜಾನೆ ತಮ್ಮ ಬರಹದಲ್ಲಿ ಇಟ್ಟ ಹೆಸರು ಆಶಿಲ್. ಆತನ ಗಮನ ಬೇರೆಡೆ ಇದ್ದಾಗ ಜಾನೆ ಕೈಗೆ ಪೆನ್ಸಿಲ್ ಕೊಟ್ಟು, ಮೆಲುದನಿಯಲ್ಲಿ ಪ್ರಶ್ನೆ ಕೇಳಿದರು. ಆಶಿಲ್‌ಗೆ ಅರಿವಿಲ್ಲದೆಯೇ ಕೈ ಉತ್ತರ ಬರೆಯಿತು, ದೆವ್ವದ ಹೆಸರಿನಲ್ಲಿ! ಅಷ್ಟು ಶಕ್ತಿಯಿದ್ದರೆ ಈತನನ್ನು ನಿದ್ರೆಗೆ ತಳ್ಳು ನೋಡೋಣ ಎಂದು ಜಾನೆ ದೆವ್ವಕ್ಕೇ ಸವಾಲು ಹಾಕಿದರು. ಆಶಿಲ್ ಸಮ್ಮೋಹನ ಸ್ಥಿತಿಗೆ ಜಾರಿದ. ಆಗ ಗುಟ್ಟು ಹೊರಬಿತ್ತು. ಕೆಲವು ತಿಂಗಳ ಹಿಂದೆ ವ್ಯಾಪಾರಕ್ಕೆಂದು ಪರವೂರಿಗೆ ಹೋದವನು ಹೆಂಡತಿಗೆ ದ್ರೋಹ ಮಾಡಿದ್ದ. ಹೇಳಿಕೊಳ್ಳಲಾಗದ ಆ ತಪ್ಪೇ ಒಳಗೊಳಗೆ ಕೊರೆದು ದೆವ್ವವಾಗಿತ್ತು. ಹೆಂಡತಿ ಕ್ಷಮಿಸಿದಂತೆ ಸಮ್ಮೋಹನದಲ್ಲೇ ಕಾಣಿಸಿದಾಗ ಆತ ಚೇತರಿಸಿಕೊಂಡ. ವರ್ಷಗಳ ನಂತರವೂ ಆರೋಗ್ಯವಾಗಿದ್ದ.

ಜಾನೆ 1893ರಲ್ಲಿ ವೈದ್ಯ ಪದವಿ ಪಡೆದರು. 1902ರಿಂದ 1934ರವರೆಗೆ ಕಾಲೇಜ್ ದ ಫ್ರಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಆದರೆ ಫ್ರಾಯ್ಡ್ ಖ್ಯಾತಿಯ ಎದುರು ಅವರ ಹೆಸರು ಮಸುಕಾಯಿತು. 1947ರಲ್ಲಿ ನಿಧನರಾದ ಬಳಿಕ, ಅವರ ಇಚ್ಛೆಯಂತೆಯೇ ಸಾವಿರಾರು ರೋಗಿಗಳ ಟಿಪ್ಪಣಿಗಳನ್ನು ಸುಡಲಾಯಿತು. ರೋಗಿಗಳ ಗುಟ್ಟು ಗುಟ್ಟಾಗಿಯೇ ಉಳಿಯಿತು. 1970ರಲ್ಲಿ ಇತಿಹಾಸಕಾರ ಹೆನ್ರಿ ಎಲೆನ್‌ಬರ್ಗರ್ ಬರೆದ ಗ್ರಂಥದಿಂದ ಜಗತ್ತು ಜಾನೆಯನ್ನು ಮತ್ತೆ ನೆನೆಯಿತು.

ಇಂದಿನ ಚಿಕಿತ್ಸೆಯೂ ಅವರು ಹಾಕಿಕೊಟ್ಟ ಮೂರು ಹಂತಗಳಲ್ಲೇ ಸಾಗುತ್ತದೆ. ಮೊದಲು ರೋಗಿಗೆ ಸುರಕ್ಷತೆ, ನೆಮ್ಮದಿ. ನಂತರ ನಿಧಾನವಾಗಿ ನೋವಿನ ನೆನಪನ್ನು ಎದುರಿಸುವುದು. ಕೊನೆಗೆ ಅದನ್ನು ತನ್ನ ಬದುಕಿನ ಭಾಗವೆಂದು ಒಪ್ಪಿಕೊಂಡು ದಿನನಿತ್ಯಕ್ಕೆ ಮರಳುವುದು. ಆದರೆ ಸಮ್ಮೋಹನದಲ್ಲಿ ನೆನಪನ್ನೇ ಬದಲಿಸುವ ಜಾನೆಯ ವಿಧಾನವನ್ನು ಈಗಿನ ತಜ್ಞರು ಒಪ್ಪುವುದಿಲ್ಲ. ಸುಳ್ಳು ನೆನಪು ಹುಟ್ಟುವ ಅಪಾಯ ಅದರಲ್ಲಿದೆ.

ನಮ್ಮಲ್ಲಿ ಇಂದಿಗೂ ಮೈಮೇಲೆ ಬಂದಿದೆ ಎಂದು ಮಂತ್ರವಾದಿ ಬಳಿ ಓಡುವವರಿದ್ದಾರೆ, ನಾಟಕ ಮಾಡುತ್ತಿದ್ದಾಳೆ ಎಂದು ಸೊಸೆಯನ್ನು ಗದರುವವರೂ ಇದ್ದಾರೆ. ಜಾನೆ ಇವೆರಡನ್ನೂ ಮಾಡಲಿಲ್ಲ, ಕೂತು ಕೇಳಿಸಿಕೊಂಡರು. ಗುಜರಾತ್‌ನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದವಾ-ದುವಾ ಹೆಸರಿನಲ್ಲಿ ಪ್ರಾರ್ಥನೆಯ ಜೊತೆಗೇ ಮನೋವೈದ್ಯರ ಚಿಕಿತ್ಸೆಯನ್ನೂ ಒದಗಿಸಿದ್ದು ಇದೇ ಹಾದಿಯ ಪ್ರಯತ್ನ.

ಮೂರ್ಛೆ, ಮರೆವು ಕಂಡರೆ ಮೊದಲು ಅಪಸ್ಮಾರದಂಥ ನರದ ತೊಂದರೆ ಇಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು. ಬಳಿಕ ಮನೋವೈದ್ಯರನ್ನು ಕಾಣಬಹುದು. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಕನ್ನಡದಲ್ಲೂ ಲಭ್ಯವಿದೆ.