ನರಕೋಶದ ಚಿತ್ರಕಾರ

ಕಾಲಿಗೆ ಮುಳ್ಳು ಚುಚ್ಚಿದರೆ ನೋವು ಅರಿವಾಗುವ ಮೊದಲೇ ಕಾಲು ಹಿಂದಕ್ಕೆ ಸರಿಯುತ್ತದೆ. ಪಾದದ ಸುದ್ದಿ ಬೆನ್ನುಹುರಿಯನ್ನು ಮುಟ್ಟಿ, ಅಲ್ಲಿಂದ ಸ್ನಾಯುಗಳಿಗೆ ಆಜ್ಞೆ ಹೊರಡುವುದು ಕ್ಷಣಮಾತ್ರದಲ್ಲಿ. ಮಿದುಳು, ಬೆನ್ನುಹುರಿ, ದೇಹದೆಲ್ಲೆಡೆ ಹರಡಿದ ನರಗಳು ಇವೆಲ್ಲವೂ ಸೇರಿ ನರಮಂಡಲ. ಇದರಲ್ಲಿ ಸುದ್ದಿಯನ್ನು ಒಯ್ಯುವವು ನರಕೋಶಗಳು. ಮನುಷ್ಯನ ಮಿದುಳಿನಲ್ಲಿಯೇ ಇವು ಸುಮಾರು 8,600 ಕೋಟಿ ಇವೆ. ಇವುಗಳ ನಿಜವಾದ ಸ್ವರೂಪವನ್ನು ಜಗತ್ತಿಗೆ ತೋರಿಸಿಕೊಟ್ಟವನು ಸ್ಪೇನ್ ದೇಶದ ಸಾಂತಿಯಾಗೊ ರಮೋನ್ ಇ ಕಹಾಲ್.

ಕಹಾಲನು 1852ರ ಮೇ 1ರಂದು ಒಂದು ಬೆಟ್ಟದ ಹಳ್ಳಿಯಲ್ಲಿ ಜನಿಸಿದನು. ತಂದೆ ಬಡತನದಿಂದ ಮೇಲೆ ಬಂದ ಶಸ್ತ್ರವೈದ್ಯ. ಮಗನೂ ವೈದ್ಯನಾಗಬೇಕೆಂಬುದು ಅವನ ಹಟ. ಹುಡುಗನಿಗೋ ಚಿತ್ರ ಬರೆಯುವ ಹುಚ್ಚು. ತುಂಟತನಕ್ಕೂ ಕೊರತೆಯಿರಲಿಲ್ಲ. ತಾನೇ ಮಾಡಿದ ಫಿರಂಗಿಯಿಂದ ನೆರೆಯವರ ತೋಟದ ಬಾಗಿಲನ್ನು ಒಡೆದು, ಎಳೆಯ ವಯಸ್ಸಿನಲ್ಲಿಯೇ ಸೆರೆಮನೆಯನ್ನೂ ಕಂಡನು. ಬೇಸತ್ತ ತಂದೆ ಅವನನ್ನು ಕ್ಷೌರಿಕನ ಬಳಿಯೂ ಪಾದರಕ್ಷೆ ಹೊಲಿಯುವವನ ಬಳಿಯೂ ಕೆಲಸಕ್ಕೆ ಬಿಟ್ಟನು. ಕೊನೆಗೆ 1868ರ ಬೇಸಿಗೆಯಲ್ಲಿ ಅವನನ್ನು ಸ್ಮಶಾನಕ್ಕೆ ಕರೆದೊಯ್ದು, ಅಲ್ಲಿ ದೊರೆತ ಮೂಳೆಗಳಿಂದ ಅಂಗರಚನೆಯ ಪಾಠವನ್ನು ಆರಂಭಿಸಿದನು. ಮೂಳೆಗಳ ಚಿತ್ರ ಬರೆಯುತ್ತ ಬರೆಯುತ್ತ ಹುಡುಗನಿಗೆ ವಿದ್ಯೆಯಲ್ಲಿ ಆಸಕ್ತಿ ಕುದುರಿತು.

1873ರಲ್ಲಿ ವೈದ್ಯಪದವಿ ಪಡೆದ ಕಹಾಲನು ಸೈನ್ಯದ ವೈದ್ಯನಾಗಿ ಕ್ಯೂಬಾಕ್ಕೆ ಹೋಗಿ, ಮಲೇರಿಯಾದಿಂದ ಬಳಲಿ ಹಿಂದಿರುಗಿದನು. ಅಲ್ಲಿ ಉಳಿಸಿದ ಹಣದಿಂದ ಒಂದು ಸೂಕ್ಷ್ಮದರ್ಶಕವನ್ನು ಕೊಂಡನು. ಮುಂದೆ ಅದೇ ಅವನ ಸಂಗಾತಿಯಾಯಿತು.

ನರಮಂಡಲವು ಎಲ್ಲಿಯೂ ತುಂಡಾಗದ ಒಂದೇ ಬಲೆಯೆಂದು ಆಗಿನ ವಿದ್ವಾಂಸರಲ್ಲಿ ಅನೇಕರು ನಂಬಿದ್ದರು. 1873ರಲ್ಲಿ ಇಟಲಿಯ ಕಾಮಿಲ್ಲೊ ಗಾಲ್ಜಿ ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಬಣ್ಣ ಹಿಡಿಸುವ ವಿಧಾನವನ್ನು ಕಂಡುಹಿಡಿದನು. ಇದರಲ್ಲಿ ಸಾವಿರಾರು ಕೋಶಗಳ ನಡುವೆ ಕೆಲವು ಮಾತ್ರ ಅಡಿಯಿಂದ ಮುಡಿಯವರೆಗೆ ಕಪ್ಪಾಗಿ ಕಾಣುತ್ತಿದ್ದವು. ಆದರೂ ಗಾಲ್ಜಿ ಬಲೆಯ ವಾದವನ್ನು ಬಿಡಲಿಲ್ಲ.

1887ರಲ್ಲಿ ಈ ವಿಧಾನವನ್ನು ಕಂಡ ಕಹಾಲನು ಬೆರಗಾದನು. ಬೆಳೆದು ನಿಂತ ಕಬ್ಬಿನ ಗದ್ದೆಯಲ್ಲಿ ಒಂದೇ ಜಲ್ಲೆಯ ಬೇರು ಗರಿಗಳನ್ನು ಬಿಡಿಸಿ ನೋಡುವುದು ಕಷ್ಟ; ಎಳೆಯ ಪೈರಿನಲ್ಲಿ ಅದು ಸುಲಭ. ಹಾಗೆಯೇ ಅವನು ಭ್ರೂಣಗಳ ಹಾಗೂ ಹಕ್ಕಿಮರಿಗಳ ಮಿದುಳನ್ನು ಆರಿಸಿಕೊಂಡನು. ಬಣ್ಣವನ್ನು ಎರಡೆರಡು ಸಲ ಹಿಡಿಸಿದನು. 1888ರಲ್ಲಿ ಬಾರ್ಸಿಲೋನಾದಲ್ಲಿ ಸತ್ಯ ಗೋಚರಿಸಿತು. ಪ್ರತಿಯೊಂದು ನರಕೋಶವೂ ಬೇರೆ ಬೇರೆ. ಕೋಶದ ಒಡಲು, ಅದರಿಂದ ಕವಲೊಡೆದ ಡೆಂಡ್ರೈಟುಗಳು, ಉದ್ದವಾಗಿ ಚಾಚಿದ ಒಂದು ಆಕ್ಸಾನ್ ಇಷ್ಟೇ ಅದರ ರಚನೆ. ಸುದ್ದಿ ಡೆಂಡ್ರೈಟುಗಳಿಂದ ಒಳಬಂದು ಆಕ್ಸಾನಿನಿಂದ ಹೊರಹೋಗುವುದೆಂದು ಅವನು ಮುಂದೆ ಪ್ರತಿಪಾದಿಸಿದನು. ಆಕ್ಸಾನಿನ ತುದಿ ಮುಂದಿನ ಕೋಶದ ಸಮೀಪಕ್ಕೆ ಹೋಗುತ್ತದೆ. ಆದರೆ ಅದರಲ್ಲಿ ಬೆರೆತುಹೋಗುವುದಿಲ್ಲ.

ಇದನ್ನು ಅವನು ತನ್ನ ಖರ್ಚಿನಲ್ಲಿಯೇ ಪತ್ರಿಕೆ ಹೊರಡಿಸಿ ಪ್ರಕಟಿಸಿದನು. ಆದರೆ ಸ್ಪ್ಯಾನಿಷ್ ಭಾಷೆಯನ್ನು ಓದುವ ವಿಜ್ಞಾನಿಗಳು ವಿರಳ. ಆದುದರಿಂದ 1889ರಲ್ಲಿ ತಾನು ಸಿದ್ಧಪಡಿಸಿದ ಗಾಜಿನ ಪಟ್ಟಿಕೆಗಳೊಡನೆ ಬರ್ಲಿನ್ನಿನ ವಿದ್ವತ್ಸಭೆಗೆ ಹೋದನು. ಅಲ್ಲಿ ಹಿರಿಯ ವಿಜ್ಞಾನಿ ಕೋಲಿಕರ್ ಕಣ್ಣಾರೆ ನೋಡಿ ಮೆಚ್ಚಿದನು. 1891ರಲ್ಲಿ ವಾಲ್ಡೆಯರ್ ಎಂಬ ವಿಜ್ಞಾನಿ ನರಕೋಶಕ್ಕೆ ನ್ಯೂರಾನ್ ಎಂಬ ಹೆಸರಿಟ್ಟನು.

1906ರ ನೊಬೆಲ್ ಪಾರಿತೋಷಕವನ್ನು ಗಾಲ್ಜಿ ಮತ್ತು ಕಹಾಲ್ ಹಂಚಿಕೊಂಡರು. ಆ ಸಂದರ್ಭದ ಭಾಷಣದಲ್ಲಿಯೂ ಗಾಲ್ಜಿ ಹಳೆಯ ಬಲೆಯ ವಾದವನ್ನೇ ಸಮರ್ಥಿಸಿದನು. ಮರುದಿನ ಕಹಾಲನು ತಾನು ಕಂಡುದನ್ನು ವಿವರಿಸಿದನು. ಇಬ್ಬರ ಸಾಧನವೂ ಒಂದೇ. ಕಂಡ ನೋಟ ಮಾತ್ರ ಬೇರೆ.

ಕಹಾಲನು 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್ಡಿನಲ್ಲಿ ತೀರಿಕೊಂಡನು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ನರಕೋಶಗಳು ಸಂಧಿಸುವೆಡೆಯ ಕಿರು ತೆರವನ್ನು ತೋರಿಸಿತು. ಅದರ ಅಗಲ ಮಿಲಿಮೀಟರಿನ ಸುಮಾರು ಐವತ್ತು ಸಾವಿರದಲ್ಲೊಂದು ಭಾಗ. ಇಷ್ಟು ಕಿರಿದಾದ ತೆರವನ್ನು ಕಹಾಲನ ಸೂಕ್ಷ್ಮದರ್ಶಕವು ಕಾಣುವಂತಿರಲಿಲ್ಲ. ಆದರೂ ಅವನ ನಿರ್ಣಯ ತಪ್ಪಾಗಲಿಲ್ಲ. ಯಾವ ಕೈ ಚಿತ್ರ ಬರೆದು ಕಾಲಹರಣ ಮಾಡುತ್ತಿದೆಯೆಂದು ತಂದೆ ಕೊರಗಿದ್ದನೋ, ಅದೇ ಕೈ ಬರೆದ ನರಕೋಶಗಳ ಚಿತ್ರಗಳು ಇಂದಿಗೂ ವೈದ್ಯವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿವೆ.