ಐವತ್ತು ವರ್ಷ ಶಿಕ್ಷೆ ಅನುಭವಿಸಿದ ಗೋಲ್‌ಕೀಪರ್: ಮೊವಾಸಿರ್ ಬಾರ್ಬೋಸಾ

ವಿಶ್ವಕಪ್ ಫುಟ್ಬಾಲ್ ಬಂತೆಂದರೆ ಅಭಿಮಾನಿಗಳ ನಡುವೆ ಒಂದು ವಾದ ತಪ್ಪದೆ ಹುಟ್ಟಿಕೊಳ್ಳುತ್ತದೆ. ಕ್ಲಬ್ಬಿಗಾಗಿ ವರ್ಷವಿಡೀ ಅದ್ಭುತವಾಗಿ ಆಡುವವನು ದೇಶದ ಅಂಗಿ ತೊಟ್ಟಾಗ ಯಾಕೆ ಮಂಕಾಗುತ್ತಾನೆ? ಅವನಿಗೆ ದೇಶಕ್ಕಿಂತ ಕ್ಲಬ್ಬೇ ಹೆಚ್ಚೇ? ತರಬೇತುದಾರರು ತಮಗೆ ಬೇಕಾದ ಕ್ಲಬ್ಬಿನವರನ್ನೇ ಆರಿಸಿದರೇ? ಈ ವಾದ ಹೆಚ್ಚಾಗಿ ಚಹಾ ಮುಗಿಯುವಷ್ಟರಲ್ಲಿ ಮುಗಿಯುತ್ತದೆ. ಆದರೆ ಬ್ರೆಜಿಲಿನ ಒಬ್ಬ ಗೋಲ್‌ಕೀಪರ್ ಪಾಲಿಗೆ ಅದು ಐವತ್ತು ವರ್ಷ ಮುಗಿಯಲಿಲ್ಲ. ಅವರು ಸತ್ತ ಮೇಲೂ ಕೆಲಕಾಲ ನಡೆದೇ ಇತ್ತು. ಅವರ ಹೆಸರು ಮೊವಾಸಿರ್ ಬಾರ್ಬೋಸಾ.

ಬಾರ್ಬೋಸಾ ಹುಟ್ಟಿದ್ದು 1921ರ ಮಾರ್ಚ್ 27ರಂದು, ಸಾವೊ ಪಾವ್ಲೊ ರಾಜ್ಯದ ಕಂಪಿನಾಸ್ ನಗರದಲ್ಲಿ. ಕಪ್ಪು ಜನಾಂಗದ ಬಡ ಕುಟುಂಬ. ಆರಂಭದಲ್ಲಿ ಅವರು ಗೋಲ್‌ಕೀಪರ್ ಆಗಿರಲಿಲ್ಲ, ಮೈದಾನದ ಅಂಚಿನಲ್ಲಿ ಓಡುವ ವಿಂಗರ್ ಆಗಿದ್ದರು. ಗೋಲು ಕಾಯಲು ನಿಂತ ಮೇಲೆ ಅವರ ದಾರಿಯೇ ಬದಲಾಯಿತು. ಸಾವೊ ಪಾವ್ಲೊದ ಇಪಿರಂಗ ಕ್ಲಬ್ಬಿನಲ್ಲಿ ಹೆಸರು ಮಾಡಿ, 1945ರಲ್ಲಿ ರಿಯೊ ಡಿ ಜನೈರೊದ ವಾಸ್ಕೊ ಡ ಗಾಮ ಕ್ಲಬ್ಬಿಗೆ ಬಂದರು.

ವಾಸ್ಕೊ ಡ ಗಾಮನ ಹೆಸರು ನಮ್ಮ ಕರಾವಳಿಗೆ ಹೊಸದಲ್ಲ. 1498ರಲ್ಲಿ ಕಲ್ಲಿಕೋಟೆಗೆ ಬಂದ ನಾವಿಕ ಅವನು; ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಇಳಿದಿದ್ದನೆಂಬ ಐತಿಹ್ಯವೂ ನಮ್ಮಲ್ಲಿದೆ. ಆ ಪ್ರಯಾಣಕ್ಕೆ ನಾನೂರು ವರ್ಷ ತುಂಬಿದ 1898ರಲ್ಲಿ ರಿಯೊದಲ್ಲಿ ನೆಲೆಸಿದ್ದ ಪೋರ್ಚುಗೀಸ್ ವಲಸಿಗರು ಅವನ ಹೆಸರಿನಲ್ಲಿ ಈ ಕ್ಲಬ್ಬನ್ನು ಕಟ್ಟಿದರು. ಶ್ರೀಮಂತ ಬಿಳಿಯರ ಕ್ಲಬ್ಬುಗಳೇ ಮೆರೆಯುತ್ತಿದ್ದ ಕಾಲದಲ್ಲಿ, 1923ರಲ್ಲಿ, ಕಪ್ಪು ಜನರೂ ಕೂಲಿಕಾರರೂ ಇದ್ದ ವಾಸ್ಕೊ ತಂಡ ರಿಯೊ ಚಾಂಪಿಯನ್ ಆಯಿತು. ಮರುವರ್ಷ ದೊಡ್ಡ ಕ್ಲಬ್ಬುಗಳು ಹೊಸ ಸಂಘ ಕಟ್ಟಿ, ಸೇರಬೇಕಾದರೆ ಹನ್ನೆರಡು ಮಂದಿ ಆಟಗಾರರನ್ನು ಹೊರಗಿಡಿ ಎಂದಾಗ ವಾಸ್ಕೊ ಒಪ್ಪಲಿಲ್ಲ. ಬಾರ್ಬೋಸಾ ಬಂದು ಸೇರಿದ್ದು ಇಂಥ ಮನೆಗೆ.

ಅಲ್ಲಿ ಅವರು ಕಂಡದ್ದು ಗೆಲುವಿನ ಮೇಲೆ ಗೆಲುವು. 1945, 1947 ಮತ್ತು 1949ರ ರಿಯೊ ಚಾಂಪಿಯನ್‌ಷಿಪ್‌ಗಳನ್ನು ವಾಸ್ಕೊ ಒಂದೂ ಪಂದ್ಯ ಸೋಲದೆ ಗೆದ್ದಿತು. ಆ ತಂಡಕ್ಕೆ ಜನರು ವಿಜಯದ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟರು. 1948ರಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್ಬುಗಳ ಟೂರ್ನಿ ನಡೆಯಿತು. ಅರ್ಜೆಂಟೀನಾದ ಬಲಾಢ್ಯ ರಿವರ್ ಪ್ಲೇಟ್ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ ಲಬ್ರೂನಾ ಹೊಡೆದ ಪೆನಾಲ್ಟಿಯನ್ನು ಬಾರ್ಬೋಸಾ ತಡೆದರು. ಪಂದ್ಯ ಗೋಲಿಲ್ಲದೆ ಸಮವಾಯಿತು, ಪ್ರಶಸ್ತಿ ವಾಸ್ಕೊಗೆ ಬಂತು. ಆ ಕಾಲದ ಗೋಲ್‌ಕೀಪರುಗಳಂತೆ ಅವರೂ ಕೈಗವಸು ಇಲ್ಲದೆಯೇ ಆಡುತ್ತಿದ್ದರು.

1949ರಲ್ಲಿ ದೇಶಕ್ಕಾಗಿ ಆಡಿ ದಕ್ಷಿಣ ಅಮೆರಿಕದ ಚಾಂಪಿಯನ್‌ಷಿಪ್ ಗೆದ್ದರು. ಅಂತಿಮ ಪಂದ್ಯದಲ್ಲಿ ಬ್ರೆಜಿಲ್ ಪರಾಗ್ವೆಯನ್ನು 7-0ಯಿಂದ ಸೋಲಿಸಿತು. ಹೀಗಾಗಿ 1950ರ ವಿಶ್ವಕಪ್ ತವರಿಗೆ ಬಂದಾಗ ಗೋಲು ಯಾರು ಕಾಯಬೇಕೆಂಬ ಪ್ರಶ್ನೆಯೇ ಏಳಲಿಲ್ಲ.

ಉಳಿದ ಸ್ಥಾನಗಳ ಬಗ್ಗೆ ಮಾತ್ರ ಪ್ರಶ್ನೆಗಳು ಬೇಕಾದಷ್ಟಿದ್ದವು. ತರಬೇತುದಾರ ಫ್ಲಾವಿಯೊ ಕೋಸ್ಟಾ ವಾಸ್ಕೊ ಕ್ಲಬ್ಬಿನ ತರಬೇತುದಾರರೂ ಆಗಿದ್ದರು. ತಂಡದಲ್ಲಿ ವಾಸ್ಕೊ ಆಟಗಾರರೇ ತುಂಬಿದ್ದರು. ರಿಯೊ ಮತ್ತು ಸಾವೊ ಪಾವ್ಲೊ ನಗರಗಳ ಪೈಪೋಟಿ ಮೊದಲಿನಿಂದಲೂ ಇದ್ದದ್ದೇ. ಸ್ವಿಟ್ಜರ್ಲೆಂಡ್ ವಿರುದ್ಧದ ಪಂದ್ಯ ಸಾವೊ ಪಾವ್ಲೊದ ಪಕಯೆಂಬು ಮೈದಾನದಲ್ಲಿ ನಡೆದಾಗ ಕೋಸ್ಟಾ ಅಲ್ಲಿನ ಜನರಿಗೆ ಮೆಚ್ಚುಗೆಯಾಗುವಂತೆ ಮಧ್ಯಭಾಗದಲ್ಲಿ ಸಾವೊ ಪಾವ್ಲೊ ಕ್ಲಬ್ಬಿನ ಮೂವರನ್ನು ಇಳಿಸಿದರು. ಪಂದ್ಯ 2-2 ಸಮವಾಯಿತು. ಅಭಿಮಾನಿಗಳ ವಾದ ಅಂಗಳದೊಳಗೇ ಇಳಿದಿತ್ತು ಎನ್ನಬಹುದು.

ಆಮೇಲೆ ಬ್ರೆಜಿಲ್ ಹಿಂದೆ ನೋಡಲಿಲ್ಲ. ಯುಗೊಸ್ಲಾವಿಯಾವನ್ನು 2-0, ಸ್ವೀಡನನ್ನು 7-1, ಸ್ಪೇನನ್ನು 6-1 ಅಂತರದಲ್ಲಿ ಸೋಲಿಸಿತು. ಮೊದಲ ಪಂದ್ಯದಲ್ಲಿ ಮೆಕ್ಸಿಕೊ ವಿರುದ್ಧ ಹೊಡೆದ ನಾಲ್ಕು ಗೋಲು ಸೇರಿ, ಐದು ಪಂದ್ಯಗಳಲ್ಲಿ ಬ್ರೆಜಿಲ್ ಹೊಡೆದದ್ದು 21 ಗೋಲು. ಬಾರ್ಬೋಸಾ ಬಿಟ್ಟುಕೊಟ್ಟದ್ದು ನಾಲ್ಕು ಮಾತ್ರ. (ಭಾರತವೂ ಈ ವಿಶ್ವಕಪ್‌ಗೆ ಅರ್ಹತೆ ಪಡೆದಿತ್ತು; ಆದರೆ ಕೊನೆಗೆ ತಂಡ ಹೋಗಲಿಲ್ಲ.)

ಆ ವರ್ಷ ಫೈನಲ್ ಎಂಬ ಪಂದ್ಯ ಇರಲಿಲ್ಲ, ನಾಲ್ಕು ತಂಡಗಳ ಕೊನೆಯ ಸುತ್ತು ಇತ್ತು. 1950ರ ಜುಲೈ 16ರ ಭಾನುವಾರ ಉರುಗ್ವೆ ವಿರುದ್ಧ ಪಂದ್ಯ ಸಮವಾದರೂ ಬ್ರೆಜಿಲ್‌ಗೆ ಕಪ್ ಸಿಗುತ್ತಿತ್ತು. ಹೊಸದಾಗಿ ಕಟ್ಟಿದ ಮರಕಾನಾ ಕ್ರೀಡಾಂಗಣದಲ್ಲಿ ಟಿಕೆಟ್ ಕೊಂಡವರೇ 1,73,850 ಮಂದಿ. ಒಟ್ಟು ಜನ ಎರಡು ಲಕ್ಷದ ಹತ್ತಿರ ಎಂದು ಅಂದಾಜು. ಪಂದ್ಯಕ್ಕೆ ಮೊದಲೇ ಬ್ರೆಜಿಲ್ ತಂಡವನ್ನು ವಿಶ್ವ ಚಾಂಪಿಯನ್ ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿಯಾಗಿತ್ತು. ರಿಯೊದ ಮೇಯರ್ ಆಟಗಾರರನ್ನು ಗೆದ್ದವರೆಂದೇ ಕರೆದು ಭಾಷಣ ಮಾಡಿದ್ದರು. ಅಂದು ಮೈದಾನಕ್ಕಿಳಿದ ಹನ್ನೊಂದರಲ್ಲಿ ಬಾರ್ಬೋಸಾ, ನಾಯಕ ಆಗುಸ್ಟೊ, ಡ್ಯಾನಿಲೊ, ಅಡೆಮಿರ್, ಚಿಕೊ ಎಂಬ ಐವರು ವಾಸ್ಕೊದವರು.

ದ್ವಿತೀಯಾರ್ಧದ ಆರಂಭದಲ್ಲೇ ಫ್ರಿಯಾಸಾ ಗೋಲು ಹೊಡೆದರು. 66ನೇ ನಿಮಿಷದಲ್ಲಿ ಉರುಗ್ವೆಯ ಗಿಗ್ಗಿಯಾ ಬಲಬದಿಯಿಂದ ಓಡಿ ಬಂದು ಚೆಂಡನ್ನು ಮಧ್ಯಕ್ಕೆ ಕೊಟ್ಟರು, ಸ್ಕಿಯಾಫಿನೊ ಗೋಲು ಹೊಡೆದರು. 79ನೇ ನಿಮಿಷದಲ್ಲಿ ಅದೇ ಬದಿಯಿಂದ ಅದೇ ಗಿಗ್ಗಿಯಾ ಮತ್ತೆ ಬಿಗೋಡೆಯನ್ನು ದಾಟಿ ಬಂದರು. ಈ ಸಲವೂ ಚೆಂಡು ಮಧ್ಯಕ್ಕೇ ಹೋಗುತ್ತದೆಂದು ಎಣಿಸಿದ ಬಾರ್ಬೋಸಾ ಒಂದು ಹೆಜ್ಜೆ ಮುಂದಿಟ್ಟರು. ಗಿಗ್ಗಿಯಾ ನೇರ ಗೋಲಿಗೇ ಹೊಡೆದರು. ಗೋಲ್‌ಕೀಪರ್ ಮತ್ತು ಹತ್ತಿರದ ಕಂಬದ ನಡುವಿನ ಸಣ್ಣ ಸಂದಿಯಲ್ಲಿ ಚೆಂಡು ಒಳಗೆ ಹೋಯಿತು. ಬಾರ್ಬೋಸಾ ಕೈಗೆ ಚೆಂಡು ತಾಗಿದಂತಾಗಿತ್ತು, ಹೊರಗೆ ಹೋಯಿತೆಂದೇ ಅವರು ತಿಳಿದಿದ್ದರು. ಇಡೀ ಕ್ರೀಡಾಂಗಣ ಮೌನವಾದಾಗ ತಿರುಗಿ ನೋಡಿದರು. ಚೆಂಡು ಬಲೆಯಲ್ಲಿತ್ತು.

ಬ್ರೆಜಿಲ್ 1, ಉರುಗ್ವೆ 2. ಫಿಫಾ ಅಧ್ಯಕ್ಷ ಜೂಲ್ಸ್ ರಿಮೆ ಅವರು ಬ್ರೆಜಿಲನ್ನು ಅಭಿನಂದಿಸಲು ಸಿದ್ಧಪಡಿಸಿದ್ದ ಭಾಷಣ ಜೇಬಿನಲ್ಲೇ ಉಳಿಯಿತು. ಗದ್ದಲದ ನಡುವೆ ಅವರು ಉರುಗ್ವೆ ನಾಯಕ ಒಬ್ಡುಲಿಯೊ ವರೇಲಾ ಅವರ ಕೈಗೆ ಕಪ್ ಕೊಟ್ಟು ಮುಗಿಸಿದರು.

ಪ್ರಿಯ ಓದುಗರೇ, ಇಲ್ಲಿಂದ ಮುಂದಿನದು ಆಟದ ಕತೆಯಲ್ಲ, ಮನುಷ್ಯರ ಕತೆ. ಸೋಲಿಗೆ ಕಾರಣ ಹುಡುಕಿದ ದೇಶ ಮೂವರ ಮೇಲೆ ಬೆರಳು ತೋರಿಸಿತು: ಬಾರ್ಬೋಸಾ, ಬಿಗೋಡೆ ಮತ್ತು ಜುವೆನಾಲ್. ಮೂವರೂ ಕಪ್ಪು ವರ್ಣದವರು. ಅತಿ ಹೆಚ್ಚು ಹೊರೆ ಬಿದ್ದದ್ದು ಬಾರ್ಬೋಸಾ ಮೇಲೆ. ಐದು ಪಂದ್ಯಗಳಲ್ಲಿ 21 ಗೋಲು ಹೊಡೆದ ಮುಂಚೂಣಿ ಅಂದು ಒಂದೇ ಗೋಲು ಹೊಡೆಯಿತು ಎಂಬುದನ್ನು ಯಾರೂ ಲೆಕ್ಕಕ್ಕೆ ತರಲಿಲ್ಲ. ಒಂದೇ ಬದಿಯಿಂದ ಎರಡು ಸಲ ದಾಳಿ ಬಂದರೂ ತಂಡ ತನ್ನ ಕಾವಲು ಸರಿಪಡಿಸಲಿಲ್ಲ ಎಂಬುದನ್ನು ಹೆಚ್ಚು ಜನ ಕೇಳಲಿಲ್ಲ. ಆ ಗೋಲಿನ ನಂತರವೂ ಹನ್ನೊಂದು ನಿಮಿಷ ಆಟ ಉಳಿದಿತ್ತು. ಆದರೆ ಹನ್ನೊಂದು ಮಂದಿಯ ಸೋಲನ್ನು ಒಬ್ಬನ ತಲೆಗೆ ಕಟ್ಟುವುದು ಸುಲಭ. ಕಪ್ಪು ಜನಾಂಗದವರು ಗೋಲ್‌ಕೀಪರ್ ಆಗಿ ನಂಬಿಕೆಗೆ ಅರ್ಹರಲ್ಲ ಎಂಬ ಕೆಟ್ಟ ಮಾತು ಬ್ರೆಜಿಲಿನಲ್ಲಿ ಬಹುಕಾಲ ಉಳಿಯಿತು. 2006ರ ವಿಶ್ವಕಪ್‌ನಲ್ಲಿ ಡೀಡಾ ಬ್ರೆಜಿಲ್‌ನ ಮೊದಲ ಆಯ್ಕೆಯ ಗೋಲ್‌ಕೀಪರ್ ಆದಾಗ ಎಲ್ಲರಿಗೂ ನೆನಪಾದದ್ದು ಬಾರ್ಬೋಸಾ ಹೆಸರೇ.

ಸೋತ ಬಿಳಿ ಅಂಗಿಯೂ ಅಪಶಕುನವೆನಿಸಿತು. 1953ರಲ್ಲಿ ಪತ್ರಿಕೆಯೊಂದು ನಡೆಸಿದ ಸ್ಪರ್ಧೆಯಲ್ಲಿ ಅಲ್ಡೀರ್ ಶ್ಲೀ ಎಂಬ ಯುವಕ ಬರೆದ ವಿನ್ಯಾಸ ಗೆದ್ದಿತು. ಇಂದು ಜಗತ್ತಿಗೆ ಗೊತ್ತಿರುವ ಹಳದಿ ಅಂಗಿ ಬಂದದ್ದು ಹಾಗೆ. ಅಂಗಿಯನ್ನು ಬದಲಿಸಬಹುದು. ಮನುಷ್ಯನಿಗೆ ತನ್ನ ಹೆಸರನ್ನು ಬದಲಿಸಲು ಬರುವುದಿಲ್ಲ.

ಇನ್ನೊಂದು ಕಡೆ ನೋಡಿ. ಕ್ಲಬ್ಬು ಅವರನ್ನು ಕೈಬಿಡಲಿಲ್ಲ. ಅದೇ 1950ರ ಸಾಲಿನ ರಿಯೊ ಚಾಂಪಿಯನ್‌ಷಿಪ್ಪನ್ನು ವಾಸ್ಕೊ ಮತ್ತೆ ಗೆದ್ದಿತು. ಗೋಲು ಕಾದವರು ಬಾರ್ಬೋಸಾ. 1951ರ ಏಪ್ರಿಲಿನಲ್ಲಿ ವಾಸ್ಕೊ ಉರುಗ್ವೆಯ ಮಾಂಟೆವಿಡಿಯೊಗೇ ಹೋಗಿ, ಗಿಗ್ಗಿಯಾ ಮತ್ತು ಸ್ಕಿಯಾಫಿನೊ ಆಡುತ್ತಿದ್ದ ಪೆನಾರೋಲ್ ಕ್ಲಬ್ಬನ್ನು 3-0ಯಿಂದ ಸೋಲಿಸಿತು. 1952ರಲ್ಲಿ ಮತ್ತೊಂದು ರಿಯೊ ಪ್ರಶಸ್ತಿ. ವಾಸ್ಕೊ ಅಭಿಮಾನಿಗಳಿಗೆ ಅವರು ಆಗಲೂ ಮಹಾನ್ ಗೋಲ್‌ಕೀಪರ್. ಉಳಿದ ದೇಶಕ್ಕೆ ಅವರು ಕಪ್ ಕಳೆದವರು. ಒಬ್ಬನೇ ಮನುಷ್ಯ, ಅದೇ ಎರಡು ಕೈಗಳು, ನೋಡುವ ಕಣ್ಣು ಮಾತ್ರ ಬೇರೆ.

ರಾಷ್ಟ್ರೀಯ ತಂಡಕ್ಕೆ ಅವರು ಮತ್ತೆ ಆಡಿದ್ದು ಒಂದೇ ಸಲ, 1953ರಲ್ಲಿ ಲಿಮಾದಲ್ಲಿ. ಅದೇ ವರ್ಷ ಕಾಲು ಮುರಿದು 1954ರ ವಿಶ್ವಕಪ್‌ನ ಆಸೆಯೂ ಮುಗಿಯಿತು. 1958ರಲ್ಲಿ ಬ್ರೆಜಿಲ್ ಸ್ವೀಡನ್‌ನಲ್ಲಿ ಮೊದಲ ಸಲ ವಿಶ್ವಕಪ್ ಗೆದ್ದಾಗ ಕಪ್ಪನ್ನು ತಲೆಯ ಮೇಲೆತ್ತಿ ಹಿಡಿದ ನಾಯಕ ಬೆಲ್ಲಿನಿ ವಾಸ್ಕೊದವರು. ಆ ಸಾಲಿನಲ್ಲಿ ಮತ್ತೆ ರಿಯೊ ಚಾಂಪಿಯನ್ ಆದ ವಾಸ್ಕೊ ತಂಡದಲ್ಲಿ ವಿಶ್ವವಿಜೇತ ಬೆಲ್ಲಿನಿ ಜೊತೆ 37ರ ಹರೆಯದ ಬಾರ್ಬೋಸಾ ಕೂಡ ಇದ್ದರು. 1962ರಲ್ಲಿ ಅವರು ಆಟ ನಿಲ್ಲಿಸಿದರು.

ಆಮೇಲೆ ಅವರಿಗೆ ಕೆಲಸ ಸಿಕ್ಕಿದ್ದು ಮರಕಾನಾದಲ್ಲೇ. ಯಾವ ಜಾಗ ತನ್ನ ಬದುಕನ್ನು ಮುರಿಯಿತೋ ಅಲ್ಲಿಗೇ ದಿನಾ ಬೆಳಿಗ್ಗೆ ಹೋಗಿ, ಸುಮಾರು ಎರಡು ದಶಕ ದುಡಿದು ಊಟ ಸಂಪಾದಿಸಿದರು. ಕ್ರೀಡಾಂಗಣದ ಹಳೆಯ ಮರದ ಗೋಲುಕಂಬಗಳನ್ನು ಬದಲಿಸಿದಾಗ ಅವನ್ನು ಅವರಿಗೇ ಕೊಟ್ಟರೆಂದೂ, ಅವರು ಅದನ್ನು ಸೌದೆ ಮಾಡಿ ಮಿತ್ರರಿಗೆ ಮಾಂಸ ಸುಟ್ಟು ಬಡಿಸಿದರೆಂದೂ ಒಂದು ಕತೆಯಿದೆ. ಮತ್ತೊಂದು ಪ್ರಸಂಗವನ್ನು ಅವರೇ ಹೇಳಿಕೊಳ್ಳುತ್ತಿದ್ದರು. ಎಷ್ಟೋ ವರ್ಷಗಳ ನಂತರ ಅಂಗಡಿಯೊಂದರಲ್ಲಿ ಒಬ್ಬ ತಾಯಿ ಅವರನ್ನು ಗುರುತಿಸಿ, ಇಡೀ ಬ್ರೆಜಿಲನ್ನು ಅಳಿಸಿದವನು ಇವನೇ ಎಂದು ತನ್ನ ಮಗುವಿಗೆ ತೋರಿಸಿದಳಂತೆ. ಪಂದ್ಯ ನಡೆದಾಗ ಆ ಮಗು ಹುಟ್ಟಿರಲೂ ಇಲ್ಲ.

1993ರಲ್ಲಿ ವಿಶ್ವಕಪ್ ಅರ್ಹತಾ ಸುತ್ತಿನ ಕೊನೆಯ ಪಂದ್ಯ ಮರಕಾನಾದಲ್ಲೇ, ಉರುಗ್ವೆ ವಿರುದ್ಧವೇ ಬಂತು. ಬ್ರೆಜಿಲ್ ತಂಡ ಅಭ್ಯಾಸ ಮಾಡುತ್ತಿದ್ದ ಶಿಬಿರಕ್ಕೆ ಆಟಗಾರರಿಗೆ ಶುಭ ಹಾರೈಸಲು ಹೋದ ಎಪ್ಪತ್ತೆರಡರ ವೃದ್ಧನನ್ನು ಒಳಗೆ ಬಿಡಲಿಲ್ಲ. ಅವರ ಮುಖ ನೋಡಿದರೆ ಅಶುಭವಾದೀತೆಂಬ ಭಯ! ರೊಮಾರಿಯೊ ಹೊಡೆದ ಎರಡು ಗೋಲುಗಳಿಂದ ಬ್ರೆಜಿಲ್ ಅಂದು ಗೆದ್ದಿತು. ಬಾಗಿಲಿನಿಂದ ಹಿಂದೆ ಕಳುಹಿಸಿದ್ದಕ್ಕೂ ಆ ಗೆಲುವಿಗೂ ಸಂಬಂಧವಿಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬಾರ್ಬೋಸಾಗೆ ಮಕ್ಕಳಿರಲಿಲ್ಲ. ದೀರ್ಘಕಾಲ ಜೊತೆಗಿದ್ದ ಪತ್ನಿ ಕ್ಲೋಟಿಲ್ಡೆ 1990ರ ದಶಕದಲ್ಲಿ ತೀರಿಕೊಂಡರು. ಕೊನೆಯ ವರ್ಷಗಳನ್ನು ಸಾವೊ ಪಾವ್ಲೊ ಕರಾವಳಿಯ ಪ್ರಾಯಾ ಗ್ರಾಂಡೆ ಎಂಬ ಊರಿನಲ್ಲಿ ಬಡತನದಲ್ಲೇ ಕಳೆದರು. ಆಗಲೂ ಕೈಲಾದ ಹಣಸಹಾಯ ಮಾಡಿದ್ದು ಅವರ ಹಳೆಯ ಕ್ಲಬ್ ವಾಸ್ಕೊ. ಬ್ರೆಜಿಲಿನ ಕಾನೂನಿನಲ್ಲಿ ಆಗ ಎಂಥ ಅಪರಾಧಕ್ಕೂ ಅತಿ ಹೆಚ್ಚೆಂದರೆ ಮೂವತ್ತು ವರ್ಷ ಸೆರೆವಾಸವಿತ್ತು. ತಾನು ಮಾಡದ ಅಪರಾಧಕ್ಕೆ ತನ್ನ ಶಿಕ್ಷೆ ಮಾತ್ರ ಐವತ್ತು ವರ್ಷಕ್ಕೆ ಬಂತೆಂದು ಅವರು ಕೊನೆಗಾಲದಲ್ಲಿ ನೊಂದು ಲೆಕ್ಕ ಹೇಳುತ್ತಿದ್ದರು. 2000ದ ಏಪ್ರಿಲ್ 7ರಂದು, 79ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಸೋಲಿಗೆ ಐವತ್ತು ತುಂಬಲು ಇನ್ನು ಮೂರು ತಿಂಗಳಷ್ಟೇ ಉಳಿದಿತ್ತು.

2014ರಲ್ಲಿ ವಿಶ್ವಕಪ್ ಮತ್ತೆ ಬ್ರೆಜಿಲ್‌ಗೆ ಬಂತು. ಜುಲೈ 8ರಂದು ಬೆಲೊ ಹೊರಿಜಾಂಟೆಯಲ್ಲಿ ಬ್ರೆಜಿಲ್ ಜರ್ಮನಿಗೆ 1-7ರಿಂದ ಸೋತಿತು. ಆ ಸೋಲಿನ ಮುಂದೆ 1950ರ ಸೋಲು ಸಣ್ಣದೆನಿಸಿತು, ಬಾರ್ಬೋಸಾಗೆ ಕೊನೆಗೂ ಬಿಡುಗಡೆಯಾಯಿತು ಎಂದು ಅನೇಕರು ಬರೆದರು. ಅವರನ್ನು ಸೋಲಿಸಿದ ಗಿಗ್ಗಿಯಾ ಮರುವರ್ಷ ತೀರಿಕೊಂಡರು. ದಿನಾಂಕ ಅದೇ ಜುಲೈ 16.

ಆದರೆ ಇನ್ನೊಂದು ದೊಡ್ಡ ಸೋಲು ಬಂದುದರಿಂದ ಸಿಕ್ಕಿದ ಬಿಡುಗಡೆಯನ್ನು ಕ್ಷಮೆ ಎನ್ನಲಾದೀತೇ? ಬಾರ್ಬೋಸಾಗೆ ಬೇಕಿದ್ದುದು ಜೀವ ಇರುವಾಗ ಯಾರಾದರೂ ಬಂದು ಆದದ್ದು ಆಯಿತು ಎನ್ನುವ ಒಂದು ಮಾತು. ಅದಕ್ಕೆ ಖರ್ಚೇನೂ ಇರಲಿಲ್ಲ. ಆಟ ನೋಡಿ ವಾದಿಸುವುದು ತಪ್ಪಲ್ಲ, ವಾದವಿಲ್ಲದೆ ಆಟಕ್ಕೆ ರುಚಿಯೂ ಇಲ್ಲ. ಆಟಗಾರನ ಆಟವನ್ನು ತೂಗೋಣ, ಹೆಜ್ಜೆ ತಪ್ಪಿದ್ದನ್ನು ಹೇಳೋಣ. ಪಂದ್ಯದ ಸೀಟಿ ಊದಿದ ಮೇಲೂ ಅವನನ್ನು ಗೋಲುಕಂಬದ ಬಳಿಯೇ ನಿಲ್ಲಿಸಿ ಮನೆಗೆ ಹೋಗುವುದು ಬೇಡ. ಅವನಿಗೂ ಮನೆಯಿದೆ. ಅವನೂ ಹೋಗಲಿ.